ಒಪ್ಪಿಕೊಂಡರೂ ಕೂಲಿ ಕಡಿಮೆಯಾಗದು

ಊರು ಬಿಟ್ಟು ದೆಹಲಿಗೆ ಬಂದವನಿಗೆ ಮೊದಲು ಬೇಕಾಗುವುದು ಎರಡು: ತಲೆಯ ಮೇಲೊಂದು ಸೂರು, ಕೈಗೊಂದು ಕೆಲಸ. ಸೂರಿಗೆ ಮುನಿರ್ಕಾ ಉಂಟು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಮಗ್ಗುಲಿನ ಈ ಹಳೆಯ ಹಳ್ಳಿ ಇಂದು ಬಾಡಿಗೆ ಕೋಣೆಗಳ ಊರಾಗಿದೆ. ರಾವ್ ತುಲಾರಾಂ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘವೂ ಇಲ್ಲಿಗೆ ದೂರವಲ್ಲ. ಕೆಲಸವಾದರೋ, ಸಿಕ್ಕಿದ್ದೇ ಭಾಗ್ಯವೆಂದು ಹೊಸಬನು ಒಪ್ಪಿಕೊಂಡುಬಿಡುತ್ತಾನೆ. ಸಂಬಳವೆಷ್ಟು, ರಜೆ ಯಾವಾಗ, ಬಿಡಿಸುವಾಗ ನೋಟೀಸು ಉಂಟೇ ಎಂದು ಕೇಳಲು ಅವನಿಗೆ ಸಂಕೋಚ. ಮುಂದೆ ತಕರಾರು ಬಂದಾಗ "ನೀನೇ ಒಪ್ಪಿದೆಯಲ್ಲ" ಎಂಬ ಒಂದೇ ಮಾತಿನಿಂದ ಅವನ ಬಾಯಿ ಮುಚ್ಚಿಸಲಾಗುತ್ತದೆ. ಈ ಮಾತಿಗೆ ಕಾಯಿದೆಯಲ್ಲಿ ಬೆಲೆಯಿಲ್ಲವೆಂಬುದನ್ನು ವಾಚಕರ ಗಮನಕ್ಕೆ ತರುವುದೇ ನಮ್ಮ ಉದ್ದೇಶ.

ಯಾವ ರಾಜ್ಯದ ಕಾಯಿದೆ?

ಮುನಿರ್ಕಾದಲ್ಲಿ ಮಲಗಿ ಗುರುಗ್ರಾಮದಲ್ಲಿಯೋ ನೋಯ್ಡಾದಲ್ಲಿಯೋ ದುಡಿಯುವವರು ಉಂಟು. ಇವರಿಗೆ ಅನ್ವಯಿಸುವುದು ವಾಸದ ಊರಿನ ಕಾಯಿದೆಯಲ್ಲ, ಕೆಲಸದ ಊರಿನದು. ಅಂಗಡಿ, ಹೋಟೆಲು, ಕಚೇರಿಗಳ ಮಟ್ಟಿಗೆ ದೆಹಲಿಯಲ್ಲಿ 1954ರ ಕಾಯಿದೆ, ಹರಿಯಾಣದಲ್ಲಿ ಹಳೆಯ ಪಂಜಾಬಿನಿಂದ ಬಳುವಳಿಯಾಗಿ ಬಂದ 1958ರ ಕಾಯಿದೆ, ಉತ್ತರ ಪ್ರದೇಶದಲ್ಲಿ 1962ರ ಕಾಯಿದೆ. ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ದೆಹಲಿ ಶಾಖೆಯ ನೌಕರನಿಗೆ ಕರ್ನಾಟಕದ 1961ರ ಕಾಯಿದೆ ಅನ್ವಯಿಸದು. ಕನಿಷ್ಠ ವೇತನವೂ ಹಾಗೆಯೇ, ರಾಜ್ಯಕ್ಕೊಂದು ದರ. ದೆಹಲಿಯಲ್ಲಿ 2025ರ ಏಪ್ರಿಲ್ 1ರಿಂದ ಗೊತ್ತುಪಡಿಸಿದ ದರವು ಕುಶಲತೆ ಬೇಡದ ಕೆಲಸಕ್ಕೆ ತಿಂಗಳಿಗೆ 18,456 ರೂಪಾಯಿ, ಕುಶಲ ಕೆಲಸಕ್ಕೆ 22,411 ರೂಪಾಯಿ.

ಮಾಲೀಕರ ಕರ್ತವ್ಯಗಳು

ದೆಹಲಿಯ 1954ರ ಕಾಯಿದೆಯು ವಯಸ್ಕರ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ಎಡೆಬಿಡದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು, ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಬೇಕು, ವಾರಕ್ಕೊಂದು ಪೂರ್ಣ ದಿನದ ರಜೆ ಬೇಕು ಎಂದಿತು. ನೌಕರನಿಗೆ ನೇಮಕಪತ್ರ ಕೊಡಬೇಕೆಂದೂ, ಮೂರು ತಿಂಗಳು ಸತತವಾಗಿ ದುಡಿದವನನ್ನು ತಪ್ಪಿಲ್ಲದೆ ಬಿಡಿಸುವಾಗ ಒಂದು ತಿಂಗಳ ಲಿಖಿತ ನೋಟೀಸನ್ನಾಗಲಿ ಅದಕ್ಕೆ ಬದಲಾಗಿ ಒಂದು ತಿಂಗಳ ಸಂಬಳವನ್ನಾಗಲಿ ಕೊಡಬೇಕೆಂದೂ ವಿಧಿಸಿತು. ಕಾಲಕಾಲಕ್ಕೆ ಬದಲಾವಣೆಗಳೂ ಆಗಿವೆ. ಮಹಿಳೆಯರು ಇಚ್ಛಿಸಿ ಲಿಖಿತವಾಗಿ ಒಪ್ಪಿದರೆ ರಾತ್ರಿಪಾಳಿಯಲ್ಲಿ ದುಡಿಯಲು 2025ರಲ್ಲಿ ದೆಹಲಿ ಸರ್ಕಾರ ಅವಕಾಶ ಕೊಟ್ಟಿತು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕೇಂದ್ರ ಕಾಯಿದೆಗಳ ಸ್ಥಾನವನ್ನು ಪಡೆದವು. ಅವುಗಳಲ್ಲಿ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಸಲ್ಲಬೇಕು. ಕೆಲಸ ಬಿಟ್ಟವನಿಗೂ ಬಿಡಿಸಲ್ಪಟ್ಟವನಿಗೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ತೀರಿಸಬೇಕು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ ಕೊಡಬೇಕು. ಸಂಬಳದ ಚೀಟಿಯನ್ನು ಕೊಡುವುದು ಉಪಕಾರವಲ್ಲ, ಕರ್ತವ್ಯ.

ಏಷ್ಯಾಡ್ ಕೂಲಿಗಳ ಮೊಕದ್ದಮೆ

ಇಷ್ಟೆಲ್ಲ ಇದ್ದರೂ "ಒಪ್ಪಿಯೇ ಬಂದವನು" ಎಂಬ ವಾದ ಸಾಯುವುದಿಲ್ಲ. ಆ ವಾದಕ್ಕೆ ಉತ್ತರ ದೊರೆತದ್ದು ಇದೇ ದೆಹಲಿಯ ಕಾಮಗಾರಿಗಳಿಂದ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಇಲ್ಲಿ ಕ್ರೀಡಾಂಗಣಗಳೂ ಮೇಲುಸೇತುವೆಗಳೂ ಎದ್ದವು. ಕಟ್ಟಿದ ಕೂಲಿಗಳು ಹೊರರಾಜ್ಯಗಳಿಂದ ಜಮಾದಾರರು ಕರೆತಂದ ಬಡವರು. ಅವರಿಗೆ ಸಲ್ಲಬೇಕಾದ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರನು ತನ್ನ ಕಮಿಷನ್ನೆಂದು ಮುರಿದುಕೊಳ್ಳುತ್ತಿದ್ದ. ಹೆಂಗಸರ ಕೈಗೆ ಬರುತ್ತಿದ್ದುದು ಏಳೇ ರೂಪಾಯಿ. ಪೀಪಲ್ಸ್ ಯೂನಿಯನ್ ಫಾರ್ ಡೆಮೋಕ್ರಾಟಿಕ್ ರೈಟ್ಸ್ ಎಂಬ ಸಂಘಟನೆ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಸ್ವೀಕರಿಸಿತು.

ನ್ಯಾಯಮೂರ್ತಿ ಪಿ. ಎನ್. ಭಗವತಿ ಮತ್ತು ನ್ಯಾಯಮೂರ್ತಿ ಬಹರುಲ್ ಇಸ್ಲಾಂ ಅವರ ಪೀಠವು 1982ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪಿನ ಎರಡು ಮಾತು ಮುಖ್ಯವಾದುವು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನು ಸ್ವೇಚ್ಛೆಯಿಂದ ದುಡಿಯುತ್ತಿಲ್ಲ. ಹಸಿವೇ ಅವನ ಮೇಲಿನ ಬಲಾತ್ಕಾರ. ಆದುದರಿಂದ ಅದು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿದ ಬಲವಂತದ ದುಡಿಮೆ. ಇದು ಒಂದು. ಗುತ್ತಿಗೆದಾರನನ್ನು ತೋರಿಸಿ ಮೂಲ ಮಾಲೀಕನು ಜಾರಿಕೊಳ್ಳಲಾಗದೆಂಬುದು ಇನ್ನೊಂದು. ಅಲ್ಲಿ ಮೂಲ ಮಾಲೀಕರೆಂದರೆ ಕೇಂದ್ರ ಸರ್ಕಾರ, ದೆಹಲಿ ಅಭಿವೃದ್ಧಿ ಪ್ರಾಧಿಕಾರ, ನವದೆಹಲಿ ಪುರಸಭೆಗಳೇ. ಸರ್ಕಾರಕ್ಕೇ ಇಲ್ಲದ ವಿನಾಯಿತಿ ಗಲ್ಲಿಯ ಅಂಗಡಿಗೆ ಎಲ್ಲಿಂದ ಬಂದೀತು?

ವೇತನ ಸಂಹಿತೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ತನಗೆ ಸಲ್ಲಬೇಕಾದ ವೇತನದ ಹಕ್ಕನ್ನು ನೌಕರನು ಬಿಟ್ಟುಕೊಡುವ ಕರಾರು ಅನೂರ್ಜಿತ. ಬಾಕಿಗಾಗಿ ಮೂರು ವರ್ಷಗಳೊಳಗೆ ಅಹವಾಲು ಸಲ್ಲಿಸಬಹುದು. ಆಗ, ಹಣ ಸಂದಿದೆಯೆಂದು ರುಜುವಾತು ಮಾಡುವ ಹೊಣೆ ಮಾಲೀಕನದು.

ನಮ್ಮವರೇ ಮಾಲೀಕರಾದಾಗ

ಇನ್ನು ಸ್ವಲ್ಪ ಕಹಿಯಾದ ಮಾತನ್ನು ಆಡಬೇಕಾಗಿದೆ. ಮೆಸ್ಸನ್ನೋ ಹೋಟೆಲನ್ನೋ ಸಣ್ಣ ಕಚೇರಿಯನ್ನೋ ನಡೆಸುವ ನಮ್ಮವರು "ನಮ್ಮೂರ ಹುಡುಗ, ಮನೆಯವನಂತೆ" ಎಂದು ಕರೆತರುತ್ತಾರೆ. ಉಣ್ಣಲು ಇಕ್ಕುತ್ತಾರೆ, ಮಲಗಲು ಜಾಗ ಕೊಡುತ್ತಾರೆ, ಜ್ವರ ಬಂದರೆ ನೋಡಿಕೊಳ್ಳುತ್ತಾರೆ. ಈ ಸೌಜನ್ಯವನ್ನು ನಾವು ಹಳಿಯುವುದಿಲ್ಲ. ಆದರೆ ಹಾಜರಿ ಪುಸ್ತಕವಿಲ್ಲ, ನೇಮಕಪತ್ರವಿಲ್ಲ, ಸಂಬಳ "ಊರಿಗೆ ಹೋಗುವಾಗ ಒಟ್ಟಿಗೆ" ಎಂದಾದರೆ, ಮನೆಯವನೆಂಬ ಮಾತೇ ಆ ಹುಡುಗನಿಗೆ ಸಂಕೋಲೆಯಾಗುತ್ತದೆ. ಮನೆಯವರನ್ನು ಲೆಕ್ಕ ಕೇಳುವುದು ಹೇಗೆ? ತಿಂಗಳೆಲ್ಲ ದುಡಿದ ಮೇಲೆ ಕೂಲಿ ಪಡೆಯುವವನು ಮಾಲೀಕನಿಗೆ ಸಾಲ ಕೊಟ್ಟವನೇ ಸರಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನಮ್ಮ ನಡುವೆ ನಿಜವಾಗಬಾರದು.

ನೌಕರರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ: ನೇಮಕಪತ್ರವನ್ನು ಕೇಳಿ ಪಡೆಯಿರಿ, ದುಡಿದ ದಿನಗಳನ್ನು ಬರೆದಿಡಿ, ಸಂಬಳವನ್ನು ಆದಷ್ಟು ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ, ಭವಿಷ್ಯನಿಧಿಗೆಂದು ಮುರಿದುಕೊಂಡ ಹಣ ಜಮೆಯಾಗಿದೆಯೇ ನೋಡಿಕೊಳ್ಳಿ. ಮಾಲೀಕರಾದ ಬಂಧುಗಳು ಹುಡುಗನು ಕೇಳುವವರೆಗೆ ಕಾಯದೆ, ಈ ತಿಂಗಳೇ ಒಂದು ಹಾಜರಿ ಪುಸ್ತಕವನ್ನು ತೆರೆದರೆ ಅದು ಇಬ್ಬರನ್ನೂ ಕಾಯುತ್ತದೆ. ಲೆಕ್ಕ ಸರಿಯಾಗಿದ್ದ ಕಡೆ ನಂಟೂ ಬಹುಕಾಲ ಉಳಿಯುತ್ತದೆ.