ಬೂಷ್ಟು ನೋಡುವವರಿಂದ ನಮಗೇನು ಲಾಭ?



ಕಳೆದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ಕಾಲೇಜಿನ ಹುಡುಗನೊಬ್ಬ ತೋಟದ ತರಗೆಲೆ ಕೆದಕಿ ಬೂಷ್ಟು ಆರಿಸುತ್ತಾನೆ. ಅದರಿಂದ ಒಂದು ಹಿಡಿ ಅಡಿಕೆಯಾದರೂ ಹೆಚ್ಚೀತೇ? ಅವನಿಗೆ ಸಂಘದ ಹಣವೇಕೆ?”

ಉತ್ತರ ನಾವು ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿಯೇ ಇದೆ.

1860ರ ದಶಕದ ಆರಂಭದಲ್ಲಿ ಜರ್ಮನಿಯ ಡಿ ಬಾರಿ ಎಂಬ ಸಸ್ಯವಿಜ್ಞಾನಿ ಆಲೂಗಡ್ಡೆ ಗಿಡದ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತರು. ಅದು ರೋಗದ ಫಲವೋ, ಕಾರಣವೋ ಎಂಬುದೇ ಅವರ ಕುತೂಹಲ. ಬೂಷ್ಟೇ ಕಾರಣವೆಂದೂ, ಅದರ ಬೀಜಕಣಗಳು ನೀರಿನ ಹನಿಯಲ್ಲಿ ಈಜುತ್ತವೆಂದೂ ಅವರು ಕಂಡುಕೊಂಡರು. 1882ರಲ್ಲಿ ಫ್ರಾನ್ಸಿನ ಪ್ರಾಧ್ಯಾಪಕ ಮಿಲಾರ್ಡೆ ದ್ರಾಕ್ಷಿ ತೋಟಗಳ ದಾರಿಯಲ್ಲಿ ನಡೆದಿದ್ದರು. ರೋಗದಿಂದ ತೋಟವೆಲ್ಲ ಎಲೆ ಉದುರಿಸಿತ್ತು. ಕಳ್ಳರನ್ನು ಹೆದರಿಸಲು ಮೈಲುತುತ್ತ, ಸುಣ್ಣ ಎರಚಿದ್ದ ದಾರಿಯಂಚಿನ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಏಕೆಂದು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು.

1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಅದರ ಶಿಲೀಂಧ್ರವೂ ಆಲೂಗಡ್ಡೆ ರೋಗದ ಕುಲದ್ದೇ ಎಂದು 1910ರಲ್ಲಿ ಬರೆದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ನಾಡಿಗೆ ಬೋರ್ಡೋ ದ್ರಾವಣ ಬಂದದ್ದು ಈ ದಾರಿಯಿಂದ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು, ಏಕೆಂದರೆ ಬೀಜಕಣಗಳು ಈಜಲು ಮಳೆನೀರನ್ನೇ ಕಾದಿರುತ್ತವೆ.

ನಾನು ಹುಟ್ಟಿದ ಊರು ಭೋಜ. ವೇದಗಂಗಾ, ದೂಧಗಂಗಾ ಕೂಡುವ ಸೀಮೆ, ಕಬ್ಬು ತಂಬಾಕಿನ ನೆಲ. ಆ ತಂಬಾಕಿನ ಎಲೆಯ ಮಚ್ಚೆಗೆ ಕಾರಣ ಹುಡುಕಹೋದವರಿಂದಲೇ ವೈರಸ್ಸಿನ ವಿಷಯ ಲೋಕಕ್ಕೆ ತಿಳಿಯಿತು. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯ ದಾಟಲಾರದ ಜರಡಿಯಲ್ಲಿ ಸೋಸಿದರು. ಸೋಸಿದ ರಸವೂ ರೋಗ ಹಬ್ಬಿಸಿತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದು ಬ್ಯಾಕ್ಟೀರಿಯವೇ ಅಲ್ಲ ಎಂದರು. ಮನುಷ್ಯರ ಎಷ್ಟೋ ರೋಗಗಳ ತಿಳಿವಳಿಕೆಗೆ ಬುನಾದಿ ಆ ಎಲೆಯೇ.

ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ, ಸಂಶೋಧನೆಯೂ ಹಾಗೆಯೇ. ಯಾವ ಕಾಳು ಮೊಳೆಯುತ್ತದೆಂದು ಮುಂಚೆ ತಿಳಿಯದೆಂದು ನಾವು ಬಿತ್ತನೆ ನಿಲ್ಲಿಸುತ್ತೇವೆಯೇ? ಹಣ ಕೊಡುವುದು, ಬಿಡುವುದು ವಾರ್ಷಿಕ ಸಭೆಯ ತೀರ್ಮಾನ. ಆ ಹುಡುಗ ನಿಮ್ಮ ತೋಟಕ್ಕೆ ಬಂದರೆ ಬೇಲಿಯ ಗೇಟು ತೆಗೆಯಿರಿ, ಒಂದು ಲೋಟ ಕಾಫಿ ಕೊಡಿ, ಕಂಡದ್ದೇನೆಂದು ಕೇಳಿ. ಇಷ್ಟೇ ನನ್ನ ವಿನಂತಿ.

— ಕಾರ್ಯದರ್ಶಿ