ನಿಮಗಿದು ಗೊತ್ತೆ? ಅಮ್ಮನ ಉಯಿಲಿಗೆ ಮಗಳ ತಕರಾರು
ಹೆತ್ತವರು ಉಯಿಲಿನಲ್ಲಿ ಏನೂ ಬಿಡದಿದ್ದರೆ, ವಯಸ್ಸಿಗೆ ಬಂದ ಮಕ್ಕಳೂ ಇಂಗ್ಲೆಂಡಿನಲ್ಲಿ ಕೋರ್ಟಿಗೆ ಹೋಗಬಹುದು. 1975ರ ಕಾನೂನೊಂದು ಈ ಅವಕಾಶ ಕೊಟ್ಟಿದೆ. ಆದರೆ ಸಿಗುವುದು ಜೀವನ ನಿರ್ವಹಣೆಗೆ ಬೇಕಾದಷ್ಟೇ, ಆಸ್ತಿಯಲ್ಲಿ ಸಮಪಾಲಲ್ಲ.

ಒಂದು ಪ್ರಕರಣ ನೋಡಿ. 1978ರಲ್ಲಿ 17ರ ಹುಡುಗಿಯೊಬ್ಬಳು ಪ್ರೀತಿಸಿದವನಿಗಾಗಿ ಮನೆ ಬಿಟ್ಟಳು. ತಾಯಿಯ ಮುನಿಸು ಕೊನೆವರೆಗೂ ಕರಗಲಿಲ್ಲ. 2004ರಲ್ಲಿ ತಾಯಿ ತೀರಿಕೊಂಡಾಗ ಸುಮಾರು 4,86,000 ಪೌಂಡಿನ ಆಸ್ತಿಯಲ್ಲಿ ಬಹುಪಾಲು ಪ್ರಾಣಿ-ಪಕ್ಷಿಗಳ ದತ್ತಿ ಸಂಸ್ಥೆಗಳಿಗೆ ಹೋಯಿತು. ಮಗಳಿಗೆ ಬಿಡಿಗಾಸೂ ಇಲ್ಲ. ಐದು ಮಕ್ಕಳ ತಾಯಿಯಾಗಿದ್ದ ಆಕೆ ಸರ್ಕಾರದ ನೆರವಿನ ಹಣದಲ್ಲಿ ಸಂಸಾರ ತೂಗಿಸುತ್ತಿದ್ದಳು! ಕೆಳ ಕೋರ್ಟು 50,000 ಪೌಂಡ್ ಕೊಡಿಸಿತು. ಮೇಲ್ಮನವಿ ಕೋರ್ಟು ಅದನ್ನು ಮನೆ ಕೊಳ್ಳುವಷ್ಟಕ್ಕೆ ಏರಿಸಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮತ್ತೆ 50,000ಕ್ಕೇ ಇಳಿಸಿತು. ಸತ್ತವರ ಇಚ್ಛೆಗೂ ಬೆಲೆಯಿದೆ ಎಂಬುದು ಅದರ ನಿಲುವು. ಕಾನೂನಿನ ಲೆಕ್ಕ ಸರಿಯಿರಬಹುದು, ಆ ಮಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ನಮ್ಮಲ್ಲಿ? ಹಿಂದೂಗಳು ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತವಾದರೆ ತಮ್ಮ ಪಾಲನ್ನು ಮಾತ್ರ. ಪಾಲು ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಉಯಿಲು ಬಿದ್ದುಹೋಗುವುದಿಲ್ಲ.