ರೀಫ್ ಟ್ಯಾಂಕ್‌ನಲ್ಲಿ ಗೇಣುದ್ದದ ಬ್ರಿಸಲ್ ವರ್ಮ್: ಶತ್ರುವೋ, ಮಿತ್ರನೋ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮನೆಯಲ್ಲಿ ಹವಳದ ಅಕ್ವೇರಿಯಂ, ಅಂದ್ರೆ ರೀಫ್ ಟ್ಯಾಂಕ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಎದುರಾಗೋ ದೃಶ್ಯ ಇದು. ರಾತ್ರಿ ಲೈಟ್ ಆರಿಸಿ ಒಂದೆರಡು ಗಂಟೆ ಆಗಿರುತ್ತೆ. ನೀರು ಕುಡಿಯೋಕೆ ಎದ್ದವರು ಸುಮ್ಮನೆ ಟ್ಯಾಂಕ್ ಕಡೆ ಟಾರ್ಚ್ ಹಾಕ್ತೀರಿ. ಕಲ್ಲಿನ ಸಂದಿಯಿಂದ ಗೇಣುದ್ದದ ಹುಳುವೊಂದು ಹೊರಗೆ ಬಂದಿರುತ್ತೆ. ನೋಡೋಕೆ ಎರೆಹುಳುವಿಗೂ ಜರಿಗೂ ನಡುವಿನದ್ದು, ಮೈಯ ಎರಡೂ ಪಕ್ಕ ಬಿಳಿ ಕೂದಲಿನ ಸಾಲು. ಬೆಳಕು ಬಿದ್ದದ್ದೇ ತಡ, ಸರಕ್ಕನೆ ಸಂದಿಯೊಳಗೆ ಮಾಯ.

ಅಲ್ಲಿಗೆ ನಿದ್ದೆ ಹೋಯ್ತು. ಹೋದ ವಾರ ಸತ್ತ ಮೀನು, ಬಾಡಿದ ಹವಳ, ಕಾಣೆಯಾದ ಸಿಗಡಿ ಎಲ್ಲಾ ನೆನಪಾಗುತ್ತೆ. ‘ಇದೇ ತಿಂದಿದೆ’ ಅಂತ ತೀರ್ಮಾನವೂ ಆಗಿಬಿಡುತ್ತೆ. ಬೆಳಿಗ್ಗೆ ಕಲ್ಲೆಲ್ಲಾ ಕಿತ್ತು ಹಾಕೋಣ, ಯಾವುದಾದರೂ ಔಷಧ ಸುರಿಯೋಣ ಅಂತ ಹೊರಡ್ತೀರಿ. ಸ್ವಲ್ಪ ತಡೀರಿ. ವರ್ಷಗಟ್ಟಲೆ ಸಾಕಿದ ಟ್ಯಾಂಕ್ ಹಾಳಾಗೋದು ಬಹಳ ಸಲ ಹುಳುವಿನಿಂದ ಅಲ್ಲ, ಈ ಅವಸರದಿಂದ.

ಈ ಹುಳು ಯಾವುದು?

ಬ್ರಿಸಲ್ ವರ್ಮ್ ಅನ್ನೋದು ಒಂದೇ ಜೀವಿಯ ಹೆಸರಲ್ಲ. ಪಾಲಿಕೀಟ್ ಅನ್ನೋ ಗುಂಪಿನಲ್ಲಿ 10,000ಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚಿನವು ಸಮುದ್ರವಾಸಿಗಳು. ಟ್ಯಾಂಕಿಗೆ ಇವನ್ನು ಯಾರೂ ದುಡ್ಡು ಕೊಟ್ಟು ತರೋದಿಲ್ಲ. ಲೈವ್ ರಾಕ್ ಅಥವಾ ಹವಳದ ತುಂಡಿನ ಜೊತೆ ಮೊಟ್ಟೆಯಾಗಿಯೋ ಮರಿಯಾಗಿಯೋ ಬರುತ್ತವೆ. ಮನೆಯ ಟ್ಯಾಂಕ್‌ಗಳಲ್ಲಿ ಹೆಚ್ಚಾಗಿ ಕಾಣೋದು ಯೂರಿಥೋಯೆ ಕಾಂಪ್ಲನಾಟ ಮತ್ತು ಅದರ ಹತ್ತಿರದ ಸಂಬಂಧಿಗಳು. ಬೂದು ಅಥವಾ ನಸುಗೆಂಪು ಬಣ್ಣ, ಚಪ್ಪಟೆ ಮೈ. ತಿನ್ನೋಕೆ ಸಿಕ್ಕಷ್ಟೂ ಬೆಳೆಯುತ್ತವೆ.

ಇವುಗಳ ಊಟ ಏನು ಗೊತ್ತಾ? ಮೀನು ಬಿಟ್ಟ ಆಹಾರ, ಮೀನಿನ ಹಿಕ್ಕೆ, ಸತ್ತು ಕೊಳೆಯುತ್ತಿರೋ ಯಾವುದೇ ಜೀವಿ. ಕಲ್ಲಿನ ಹಿಂದೆ, ನಿಮ್ಮ ಕೈ ಹೋಗದ ಜಾಗದಲ್ಲಿ ಒಂದು ಮೀನು ಸತ್ತಿದೆ ಅಂದ್ಕೊಳ್ಳಿ. ಅದು ಹಾಗೇ ಕೊಳೆತರೆ ನೀರಿನಲ್ಲಿ ಅಮೋನಿಯ ಏರುತ್ತೆ, ಉಳಿದ ಮೀನುಗಳಿಗೂ ಕುತ್ತು. ಹುಳುಗಳು ಆ ಹೆಣವನ್ನು ಒಂದೇ ರಾತ್ರಿಯಲ್ಲಿ ಮುಗಿಸಿಬಿಡಬಲ್ಲವು. ಹೊಲಕ್ಕೆ ಎರೆಹುಳು ಹೇಗೋ, ಟ್ಯಾಂಕಿನ ತಳಕ್ಕೆ ಇದು ಹಾಗೆ.

ಹಾಗಾದ್ರೆ ಕೆಟ್ಟ ಹೆಸರು ಯಾಕೆ?

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಾಗೆ. ರೋಗದಿಂದಲೋ, ನೀರಿನ ಏರುಪೇರಿನಿಂದಲೋ ಮೀನು ರಾತ್ರಿ ಸಾಯುತ್ತೆ. ವಾಸನೆ ಹಿಡಿದು ಹುಳುಗಳು ಮುತ್ತುತ್ತವೆ. ಬೆಳಿಗ್ಗೆ ನಮಗೆ ಕಾಣೋದು ಮೀನಿನ ಮೇಲೆ ಹುಳು. ಸಾಯುತ್ತಿರೋ ಕಪ್ಪೆಚಿಪ್ಪು, ಕೊಳೆಯುತ್ತಿರೋ ಹವಳದ ಬುಡದಲ್ಲೂ ಇದೇ ಕತೆ. ಆರೋಗ್ಯವಾಗಿ ಈಜಾಡ್ತಿರೋ ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯೋ ವೇಗವೂ ಈ ಹುಳುವಿಗಿಲ್ಲ, ದವಡೆಯೂ ಇಲ್ಲ.

ನಿಜಕ್ಕೂ ಅಪಾಯಕಾರಿ ಯಾವುವು?

ಮುಖ್ಯವಾಗಿ ಎರಡು. ಮೊದಲನೆಯದು ಬಿಯರ್ಡೆಡ್ ಫೈರ್‌ವರ್ಮ್, ವೈಜ್ಞಾನಿಕ ಹೆಸರು ಹರ್ಮೊಡೀಸ್ ಕರುಂಕುಲಾಟ. ಕೆರಿಬಿಯನ್ ಮತ್ತು ಮೆಡಿಟರೇನಿಯನ್ ಸಮುದ್ರಗಳಲ್ಲಿ ಇದೆ. ಇದು ಜೀವಂತ ಹವಳವನ್ನೇ ತಿನ್ನುತ್ತೆ. ಕೊಂಬೆ ಹವಳದ ತುದಿಯನ್ನು ಬಾಯೊಳಗೆ ತೆಗೆದುಕೊಂಡು, ಮಾಂಸ ಕರಗಿಸಿ, ಬಿಳಿ ಅಸ್ಥಿ ಮಾತ್ರ ಬಿಟ್ಟು ಹೋಗುತ್ತೆ.

ಎರಡನೆಯದು ಯೂನಿಸ್ ಜಾತಿಯ ಹುಳುಗಳು. ಬಾಬಿಟ್ ವರ್ಮ್ ಅಂತ ಕೇಳಿರಬಹುದು, ಅದು ಇದೇ ಕುಲ. ಇವುಗಳಿಗೆ ಕತ್ತರಿಯಂಥ ದವಡೆ ಇದೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗುತ್ತಿದ್ದವು, ಮೀನೊಂದಕ್ಕೂ ಗಾಯವಾಗಿತ್ತು. ಬಲೆ ಇಟ್ಟರೂ ಏನೂ ಸಿಗಲಿಲ್ಲ. ಕೊನೆಗೆ ಸಿಬ್ಬಂದಿ ಕಲ್ಲುಗಳನ್ನು ಒಂದೊಂದಾಗಿ ತೆಗೆದಾಗ ಸಿಕ್ಕಿದ್ದು ಸುಮಾರು 4 ಅಡಿ ಉದ್ದದ ಹುಳು. ಮರಿಯಾಗಿದ್ದಾಗ ಕಲ್ಲಿನ ಜೊತೆ ಬಂದು ಒಳಗೇ ಬೆಳೆದಿದ್ದಿರಬೇಕು. ಅದನ್ನು ಕೊಲ್ಲದೆ, ಬ್ಯಾರಿ ಅಂತ ಹೆಸರಿಟ್ಟು ಬೇರೆ ಟ್ಯಾಂಕಿಗೆ ಹಾಕಿದರು.

ಗುರುತು ಹಿಡಿಯೋದು ಹೇಗೆ?

ಉದ್ದ ನೋಡಿ ನಿರ್ಧಾರ ಮಾಡಬೇಡಿ. ತಲೆ ನೋಡಿ. ಸಾಮಾನ್ಯ ಬ್ರಿಸಲ್ ವರ್ಮ್‌ನ ತಲೆ ಚಿಕ್ಕದು, ಎದ್ದು ಕಾಣೋದಿಲ್ಲ. ತಲೆಯ ಮೇಲೆ ನೆರಿಗೆ ನೆರಿಗೆಯಾದ ಜುಟ್ಟು, ಮೈ ಪಕ್ಕದಲ್ಲಿ ಕೆಂಪು ಕಿವಿರಿನ ಗೊಂಚಲು ಮತ್ತು ದಟ್ಟ ಬಿಳಿ ಕೂದಲಿದ್ದರೆ ಅದು ಫೈರ್‌ವರ್ಮ್. ತಲೆಯಲ್ಲಿ ಐದು ಮೀಸೆಗಳು ಎದ್ದು ಕಂಡು, ಮೈ ಕಾಮನಬಿಲ್ಲಿನ ಹಾಗೆ ಮಿಂಚುತ್ತಿದ್ದರೆ ಯೂನಿಸ್. ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ಕಾದರೆ ಹುಳು ಅಷ್ಟಾಗಿ ಬೆದರೋದಿಲ್ಲ. ಒಂದೆರಡು ಫೋಟೊ ತೆಗೆದುಕೊಳ್ಳಿ. ಆರೋಗ್ಯವಾಗಿರೋ ಹವಳದ ಮೇಲೇ ಮತ್ತೆ ಮತ್ತೆ ಕಂಡರೆ ಮಾತ್ರ ಅನುಮಾನಕ್ಕೆ ಅರ್ಥವಿದೆ.

ಏನು ಮಾಡಬೇಕು, ಏನು ಮಾಡಬಾರದು?

ಸಾಮಾನ್ಯ ಹುಳುವಾದರೆ ಬಿಟ್ಟುಬಿಡಿ. ತುಂಬಾ ಜಾಸ್ತಿಯಾಗಿದ್ದರೆ ಅಥವಾ ತುಂಬಾ ದಪ್ಪಗಾಗಿದ್ದರೆ, ನೀವು ಮೀನಿಗೆ ಹಾಕೋ ಆಹಾರ ಹೆಚ್ಚಾಗಿದೆ ಅಂತ ಲೆಕ್ಕ. ಆಹಾರ ಕಡಿಮೆ ಮಾಡಿ, ತಳದ ಕಸ ತೆಗೀರಿ. ಹುಳುಗಳ ಸಂಖ್ಯೆ ನಿಧಾನಕ್ಕೆ ತಾನೇ ಇಳಿಯುತ್ತೆ.

ತೆಗೆಯಲೇಬೇಕು ಅನ್ನಿಸಿದರೆ ಸಣ್ಣ ತೂತಿನ ಪ್ಲಾಸ್ಟಿಕ್ ಬಾಟಲಿಯೊಳಗೆ ಸಿಗಡಿ ತುಂಡು ಹಾಕಿ ರಾತ್ರಿ ತಳದಲ್ಲಿಡಿ. ಬೆಳಗಾಗುವ ಮುಂಚೆ ಎತ್ತಿಬಿಡಿ. ಅರ್ಧ ಮೈ ಕಲ್ಲಿನೊಳಗಿದ್ದಾಗ ಎಳೀಬೇಡಿ. ಹುಳು ತುಂಡಾಗುತ್ತೆ, ಯೂರಿಥೋಯೆ ಜಾತಿಯಲ್ಲಂತೂ ತುಂಡುಗಳೇ ಹೊಸ ಹುಳುಗಳಾಗಿ ಬೆಳೆಯುತ್ತವೆ. ಯೂನಿಸ್ ಆಗಿದ್ದರೆ ಅದು ಅಡಗಿರೋ ಕಲ್ಲನ್ನೇ ಹೊರತೆಗೆದು, ಉಪ್ಪುನೀರಿನ ಬೇರೆ ಬಕೆಟ್‌ನಲ್ಲಿಟ್ಟು ಬಿಡಿಸೋದು ಒಳ್ಳೇದು.

ಔಷಧ ಮಾತ್ರ ಬೇಡ. ತಾಮ್ರದ ಅಂಶವಿರೋ ಔಷಧ ಸಿಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲುತ್ತೆ. ಇನ್ನು ನೂರಾರು ಹುಳುಗಳು ಕಲ್ಲಿನೊಳಗೇ ಒಟ್ಟಿಗೆ ಸತ್ತರೆ ಕೊಳೆತದ್ದನ್ನು ತಿನ್ನೋಕೆ ಯಾರೂ ಉಳಿದಿರೋದಿಲ್ಲ. ಆಗ ಏರೋ ಅಮೋನಿಯಕ್ಕೆ ಮೀನುಗಳೂ ಬಲಿ.

ನಿಮ್ಮ ಕೈ ಜೋಪಾನ

ಮೀನಿಗೆ ತೊಂದರೆ ಕೊಡದ ಹುಳು ನಿಮ್ಮ ಬೆರಳಿಗೆ ಕೊಡಬಹುದು. ಆ ಬಿಳಿ ಕೂದಲು ಗಾಜಿನ ನಾರಿನ ಹಾಗೆ, ಮುಟ್ಟಿದರೆ ಚರ್ಮದೊಳಗೆ ಮುರಿದುಕೊಳ್ಳುತ್ತೆ. ಕಂಬಳಿಹುಳು ತಾಗಿದ ಹಾಗೆ ಉರಿ, ಕೆಂಪು, ಊತ. ಉಜ್ಜಬೇಡಿ. ಅಂಟುವ ಟೇಪ್ ಒತ್ತಿ ಎಳೆದು ಕೂದಲು ತೆಗೀರಿ, ಆಮೇಲೆ ವಿನೆಗರ್ ಹಚ್ಚಿ. ಊತ ಹರಡಿದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ವೈದ್ಯರ ಹತ್ತಿರ ಹೋಗಿ. ಟ್ಯಾಂಕಿನೊಳಗೆ ಕೈ ಹಾಕುವಾಗ ಗ್ಲೌಸ್ ಇರಲಿ.

ಮುಂದಿನ ಸಲ ರಾತ್ರಿ ಆ ಹುಳು ಕಂಡರೆ ಮೊದಲು ತಲೆ ನೋಡಿ, ಆಮೇಲೆ ಆಹಾರದ ಡಬ್ಬಿ ನೋಡಿ. ಬಹಳಷ್ಟು ಸಲ ಸರಿಪಡಿಸಬೇಕಾಗಿರೋದು ಎರಡನೆಯದನ್ನೇ.